ನಿಮಗಿದು ಗೊತ್ತೇ? ಮೊದಲ ತುತ್ತಿಗೆ ಮುನ್ನ ಕೂಸಿನ ಕತ್ತು ನೋಡಿ

ಕೂಸಿಗೆ ನಾಲ್ಕು ತಿಂಗಳು ತುಂಬಿತೆಂದರೆ ಸಾಕು, ನೋಡಲು ಬಂದವರೆಲ್ಲ ಕೇಳುವುದು ಒಂದೇ: "ಇನ್ನೂ ಏನೂ ತಿನ್ನಿಸಿಲ್ವೇನೇ? ಬರೀ ಹಾಲಲ್ಲಿ ಎಷ್ಟು ದಿನ ಅಂತ ಇರುತ್ತೆ ಮಗು?" ಪಾಪ, ಬಾಣಂತಿ ಯಾರ ಮಾತು ಕೇಳಬೇಕು? ಅಜ್ಜಿಯದೋ, ಡಾಕ್ಟರದೋ, ಮೊಬೈಲಿನಲ್ಲಿ ಬರುವ ವಿಡಿಯೊದ್ದೋ? ಅಸಲಿಗೆ ಉತ್ತರ ಕೂಸಿನ ಮೈಯಲ್ಲೇ ಇದೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

● ಮಗು ಉಣ್ಣಲು ಸಿದ್ಧ ಎನ್ನಲು ಮುಖ್ಯವಾಗಿ ಮೂರು ಗುರುತು. ಒಂದು, ಕತ್ತು ನೆಟ್ಟಗೆ ನಿಲ್ಲಬೇಕು, ಆಸರೆ ಕೊಟ್ಟರೆ ಕೂರಬೇಕು. ಎರಡು, ಕಂಡ ವಸ್ತುವನ್ನು ತಾನೇ ಹಿಡಿದು ಗುರಿ ತಪ್ಪದೆ ಬಾಯಿಗಿಡಬೇಕು. ಮೂರು, ಬಾಯಿಗಿಟ್ಟದ್ದನ್ನು ಹೊರಗೆ ದೂಡದೆ ನುಂಗಬೇಕು. ಒಂದು ಗುರುತು ಕಂಡರೆ ಸಾಲದು, ಮೂರೂ ಒಟ್ಟಿಗೆ ಕಾಣಬೇಕು. ಬಹುತೇಕ ಮಕ್ಕಳಲ್ಲಿ ಇವು ಕೂಡಿಬರುವುದು ಆರು ತಿಂಗಳ ಆಸುಪಾಸಿನಲ್ಲಿ.

● ಕತ್ತಿಗೇಕೆ ಇಷ್ಟು ಮರ್ಯಾದೆ? ನುಂಗುವಾಗ ತಲೆ ವಾಲಿದರೆ ತುತ್ತು ಅನ್ನನಾಳದ ಬದಲು ಶ್ವಾಸನಾಳದ ಕಡೆ ಜಾರುವ ಅಪಾಯ ಹೆಚ್ಚು. ತೊಡೆಯ ಮೇಲೆ ಅಂಗಾತ ಮಲಗಿಸಿ, ಕೆನ್ನೆ ಒತ್ತಿ ಬಾಯಿ ತೆರೆಸಿ, ಬೆರಳಿನಲ್ಲಿ ರಾಗಿ ಸರಿ ತುರುಕುವ ಹಳೆಯ ಪದ್ಧತಿ ಈಗಲೂ ಕೆಲವು ಮನೆಗಳಲ್ಲಿದೆ. ಅದನ್ನು ಇಂದೇ ಬಿಡಬೇಕು, ಇದರಲ್ಲಿ ರಾಜಿ ಬೇಡ.

● ಹುಟ್ಟಿದ ಕೂಸಿನ ನಾಲಿಗೆಗೆ ಒಂದು ಕಾವಲುಗಾರಿಕೆ ಕಲಿಸಿಯೇ ಕಳಿಸಿರುತ್ತಾರೆ! ಮೊಲೆತೊಟ್ಟಲ್ಲದ ಬೇರೇನು ನಾಲಿಗೆಯ ತುದಿಗೆ ತಾಗಿದರೂ ಅದು ತಾನಾಗಿ ಮುಂದಕ್ಕೆ ಚಾಚಿ ಹೊರಗೆ ನೂಕುತ್ತದೆ. ಈ ಪ್ರತಿವರ್ತನೆ ನಾಲ್ಕರಿಂದ ಆರು ತಿಂಗಳ ನಡುವೆ ಮಾಯವಾಗುತ್ತದೆ. ನಾಲ್ಕು ತಿಂಗಳ ಮಗು ರಾಗಿ ಸರಿಯನ್ನು ಗಲ್ಲದ ಮೇಲೆಲ್ಲ ಉಗುಳಿಕೊಂಡರೆ "ರುಚಿ ಹಿಡಿಸಲಿಲ್ಲ, ಬೆಲ್ಲ ಹಾಕು" ಎನ್ನುವವರೇ ಹೆಚ್ಚು. ರುಚಿಯ ಮಾತು ಆಮೇಲೆ, ಕಾವಲುಗಾರ ಇನ್ನೂ ಕೆಲಸ ಬಿಟ್ಟಿಲ್ಲ ಅಷ್ಟೆ. ಒಂದೆರಡು ವಾರ ಬಿಟ್ಟು ಮತ್ತೆ ನೋಡಿ.

● ಮುಷ್ಟಿ ಚೀಪುವುದು ಹಸಿವಿನ ಲಕ್ಷಣವೇ ಆಗಿರಬೇಕಿಲ್ಲ. ಮೂರು ನಾಲ್ಕು ತಿಂಗಳಿಗೆ ಎಲ್ಲ ಮಕ್ಕಳೂ ಕೈ ಚೀಪುತ್ತವೆ, ಜೊಲ್ಲು ಸುರಿಸುತ್ತವೆ, ಹೊದಿಕೆಯ ಅಂಚು ಕಚ್ಚುತ್ತವೆ. ಅವು ಬಾಯಿಂದಲೇ ಲೋಕ ತಿಳಿಯುವ ದಿನಗಳು.

● ನೀವು ಉಣ್ಣುವಾಗ ನಿಮ್ಮ ತಟ್ಟೆಯನ್ನೇ ದಿಟ್ಟಿಸುತ್ತದೆಯೇ? ನಾಲ್ಕು ತಿಂಗಳ ಮಗು ಫ್ಯಾನನ್ನೂ ಹಾಗೆಯೇ ದಿಟ್ಟಿಸುತ್ತದೆ.

● ಹಲ್ಲಿಗೂ ಊಟದ ಆರಂಭಕ್ಕೂ ಸಂಬಂಧವಿಲ್ಲ. ಕೆಲವು ಮಕ್ಕಳಿಗೆ ವರ್ಷ ತುಂಬುವವರೆಗೂ ಒಂದು ಹಲ್ಲೂ ಮೂಡುವುದಿಲ್ಲ. ಬೋಡುಬಾಯಿಯ ವಸಡು ಮಿದ್ದ ಅನ್ನ, ಬೆಂದ ಗೆಣಸು, ಬಾಳೆಹಣ್ಣನ್ನು ಸಲೀಸಾಗಿ ಅರೆಯಬಲ್ಲದು.

● "ರಾತ್ರಿ ಒಂದು ಬಟ್ಟಲು ಗಟ್ಟಿ ಸರಿ ಕುಡಿಸು, ಬೆಳಗಿನವರೆಗೆ ಏಳಲ್ಲ" ಎಂಬ ಸಲಹೆ ಕೇಳದ ತಾಯಿಯಿಲ್ಲ. ಇದನ್ನು ನಿಜಕ್ಕೂ ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನಲ್ಲಿ 1,300ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂರು ತಿಂಗಳಿಂದಲೇ ಆಹಾರ ಶುರುಮಾಡಿದ ಮಕ್ಕಳು ಸ್ವಲ್ಪ ಹೆಚ್ಚು ಹೊತ್ತು ಮಲಗಿದ್ದು ಹೌದು. ಎಷ್ಟು ಹೆಚ್ಚು? ಆರು ತಿಂಗಳ ವಯಸ್ಸಿನಲ್ಲಿ, ರಾತ್ರಿಯೊಂದಕ್ಕೆ ಸುಮಾರು 16 ನಿಮಿಷ! ಅಷ್ಟಕ್ಕಾಗಿ ಎಳೆ ಹೊಟ್ಟೆಗೆ ಅವಸರ ಬೇಕೇ ಎಂಬುದನ್ನು ನೀವೇ ಹೇಳಿ.

● ಆರು ತಿಂಗಳೆಂಬ ಗಡುವು ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಮೊದಲಿನಿಂದ ಇದ್ದದ್ದಲ್ಲ. 2001ಕ್ಕೆ ಮುಂಚೆ ಅದು ಹೇಳುತ್ತಿದ್ದುದು "ನಾಲ್ಕರಿಂದ ಆರು ತಿಂಗಳು" ಎಂದು. ನಿಮ್ಮ ತಾಯಿಗೆ ಡಾಕ್ಟರು ನಾಲ್ಕನೇ ತಿಂಗಳಿಗೆ ಶುರುಮಾಡಿ ಎಂದಿದ್ದರೆ ಅದು ಆ ಕಾಲಕ್ಕೆ ಸರಿಯಾದ ಮಾತೇ. ಅವರನ್ನು ಬೈಯಬೇಡಿ.

● ಗಡುವು ಬದಲಾಗಲು ಒಂದು ಮುಖ್ಯ ಕಾರಣ ಬೆಲಾರೂಸ್ ದೇಶದಲ್ಲಿ ನಡೆದ ದೊಡ್ಡ ಅಧ್ಯಯನ. ಮೂರು ತಿಂಗಳು ಮಾತ್ರ ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ ಆರು ತಿಂಗಳು ಕುಡಿದ ಮಕ್ಕಳಿಗೆ ಹೊಟ್ಟೆಯ ಸೋಂಕು ಕಡಿಮೆ ಎಂದು ಅಲ್ಲಿ ಕಂಡುಬಂತು. ಕುಡಿಯುವ ನೀರಿನ ಮೇಲೆ ಭರವಸೆಯಿಲ್ಲದ ಊರುಗಳಿಗೆ ಇದು ಇನ್ನೂ ಮುಖ್ಯ.

● ಅಂದಮೇಲೆ ನೀರು? ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲೂ ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು ಬೇಕಿಲ್ಲ. ತಾಯಿಗೆ ಬೇಕು, ಚೊಂಬುಗಟ್ಟಲೆ!

● ಹಾಗಾದರೆ ಇನ್ನಷ್ಟು ತಡಮಾಡಿದರೆ ಇನ್ನಷ್ಟು ಒಳ್ಳೆಯದೇ? ಇಲ್ಲಿ ಅಡ್ಡ ಬರುವುದು ಕಬ್ಬಿಣ. ಹೊಟ್ಟೆಯಲ್ಲಿರುವಾಗಲೇ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಕೂಸು ತಾಯಿಯಿಂದ ಕಬ್ಬಿಣವನ್ನು ಸೆಳೆದು ಕೂಡಿಟ್ಟುಕೊಂಡು ಹುಟ್ಟುತ್ತದೆ. ಎದೆಹಾಲಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ ನಿಜ, ಆದರೆ ಲೀಟರಿಗೆ ಅರ್ಧ ಮಿಲಿಗ್ರಾಮೂ ಇರುವುದಿಲ್ಲ. ಹುಟ್ಟುವಾಗ ತಂದ ಗಂಟು ಆರು ತಿಂಗಳ ಸುಮಾರಿಗೆ ಕರಗುತ್ತದೆ. ಆಗ ಬೇಕಾಗುವ ಪ್ರಮಾಣ ಕೇಳಿದರೆ ನಂಬುವುದು ಕಷ್ಟ: ಅಮೆರಿಕದ ಶಿಫಾರಸಿನಂತೆ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಬೇಕು, ಅದರ ಅಪ್ಪನಿಗೆ 8 ಸಾಕು!

● ಹೊಕ್ಕುಳಬಳ್ಳಿ ಕತ್ತರಿಸುವ ಮುನ್ನ ಒಂದು ನಿಮಿಷವಾದರೂ ಕಾದರೆ ಈ ಗಂಟು ಇನ್ನಷ್ಟು ದೊಡ್ಡದಾಗುತ್ತದೆ. ಮಾಸಿನಲ್ಲಿರುವ ರಕ್ತ ಕೂಸಿಗೆ ಹರಿದು ಬರಲು ಅಷ್ಟು ಹೊತ್ತು ಬೇಕು. ಅವಧಿಗೆ ಮುನ್ನ ಹುಟ್ಟಿದವಕ್ಕೆ ಕೂಡಿಡಲು ಸಮಯವೇ ಸಿಕ್ಕಿರುವುದಿಲ್ಲ. ಆದ್ದರಿಂದಲೇ ಅಂಥ ಮಕ್ಕಳಿಗೆ ಕಬ್ಬಿಣದ ಹನಿಯನ್ನು ವೈದ್ಯರು ಬೇಗ ಶುರುಮಾಡುತ್ತಾರೆ.

● ದಿನ ತುಂಬದೆ ಹುಟ್ಟಿದ ಮಗುವಿಗೆ ಊಟ ಯಾವಾಗ? ದೆಹಲಿಯ ಮೂರು ಆಸ್ಪತ್ರೆಗಳಲ್ಲಿ, 34 ವಾರಕ್ಕೂ ಮುನ್ನ ಹುಟ್ಟಿದ ನಾನೂರಕ್ಕೂ ಹೆಚ್ಚು ಮಕ್ಕಳಲ್ಲಿ ಇದನ್ನೇ ನೋಡಿದರು. ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಿ ನಾಲ್ಕು ತಿಂಗಳಿಗೆ ಶುರುಮಾಡಿದವರ ತೂಕ ಆರು ತಿಂಗಳಿಗೆ ಶುರುಮಾಡಿದವರಿಗಿಂತ ಹೆಚ್ಚೇನೂ ಆಗಲಿಲ್ಲ. ಬದಲಿಗೆ ಆಸ್ಪತ್ರೆ ಸೇರಿದ್ದು ಹೆಚ್ಚಾಯಿತು. 2017ರಲ್ಲಿ ಪ್ರಕಟವಾದ ಈ ಅಧ್ಯಯನ ನಮ್ಮ ನೆಲದ್ದು ಎಂಬ ಕಾರಣಕ್ಕೇ ಹೆಚ್ಚು ಬೆಲೆಯುಳ್ಳದ್ದು. ನಿಮ್ಮ ಮಗುವಿನ ದಿನವನ್ನು ಮಾತ್ರ ನಿಮ್ಮ ವೈದ್ಯರೇ ಗೊತ್ತುಮಾಡಲಿ.

● ಆರು ತಿಂಗಳ ಲೆಕ್ಕ ಆಧುನಿಕರದ್ದೆಂದು ಬೀಗಬೇಡಿ, ನಿಯಾಂಡರ್ತಾಲ್ ಮಾನವರದ್ದೂ ಅದೇ! ಇಟಲಿಯ ಈಶಾನ್ಯ ಭಾಗದಲ್ಲಿ ಸಿಕ್ಕ ಅವರ ಮಕ್ಕಳ ಹಾಲುಹಲ್ಲುಗಳನ್ನು 2020ರಲ್ಲಿ ಪರೀಕ್ಷಿಸಿದರು. ಹಲ್ಲು ಪದರ ಪದರವಾಗಿ ಬೆಳೆಯುವುದರಿಂದ ಹಾಲಿನ ದಿನಗಳು, ಊಟದ ದಿನಗಳು ಅದರ ರಾಸಾಯನಿಕದಲ್ಲಿ ಬೇರೆ ಬೇರೆಯಾಗಿ ಉಳಿದಿರುತ್ತವೆ. ಐದಾರು ತಿಂಗಳಿಗೇ ಆ ಕೂಸುಗಳ ಬಾಯಿಗೆ ಬೇರೆ ಆಹಾರ ಬಿದ್ದಿತ್ತು. ನಲವತ್ತು ಸಾವಿರ ವರ್ಷಕ್ಕೂ ಹಿಂದಿನ ಮಾತಿದು.

● ನಮ್ಮ ದೂರದ ನೆಂಟ ಒರಾಂಗುಟಾನ್ ಮರಿ ಎಂಟು ವರ್ಷ ದಾಟಿಯೂ ತಾಯಿಯ ಹಾಲು ಕುಡಿದದ್ದಕ್ಕೆ ಹಲ್ಲುಗಳ ಸಾಕ್ಷ್ಯವಿದೆ. ಈ ಬಳಗದಲ್ಲಿ ಮನುಷ್ಯ ಮಾತ್ರ ಬೇಗ ಉಣ್ಣಲು ಕಲಿಯುವ ಪ್ರಾಣಿ. ಬೇಯಿಸಿ, ಮಿದ್ದು, ಬಾಯಿಗಿಡುವ ಅಜ್ಜಿಯರಿರುವುದೂ ನಮ್ಮಲ್ಲೇ.

● ಜರ್ಮನಿಯ ಬವೇರಿಯಾದಲ್ಲಿ ಮಕ್ಕಳ ಸಮಾಧಿಗಳಿಂದ ತೆಗೆದ, ಸಣ್ಣ ಮೂತಿಯ ಪುಟ್ಟ ಮಡಕೆಗಳಲ್ಲಿ ದನ, ಕುರಿಯಂಥ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಕೊಬ್ಬಿನಂಶ ಸಿಕ್ಕಿತು. ಕಂಚಿನ ಯುಗ, ಕಬ್ಬಿಣ ಯುಗದ ಕಾಲದ ಮಡಕೆಗಳವು. ಆ ಮೂತಿ ನೋಡಿದರೆ ನಮಗೆ ನೆನಪಾಗುವುದು ಒಳಲೆ. ಅಜ್ಜಿಯರ ಪೆಟ್ಟಿಗೆಯಲ್ಲಿದ್ದ ಆ ಬೆಳ್ಳಿ ಒಳಲೆ ಮೂಲೆ ಸೇರಿಲ್ಲ. ಚೀಪಲಾಗದ ಪುಟಾಣಿ ಕೂಸುಗಳಿಗೆ ಹಿಂಡಿದ ಎದೆಹಾಲು ಕುಡಿಸಲು ನವಜಾತ ಶಿಶು ಘಟಕಗಳಲ್ಲಿ ಇಂದಿಗೂ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಒಳಲೆಯನ್ನು ಬಳಸುತ್ತಾರೆ. ಬಾಟಲಿಗಿಂತ ತೊಳೆಯಲು ಅದೇ ಸುಲಭ.

● ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಹೇಳುವುದು ಆರನೆಯ ತಿಂಗಳನ್ನು. ಎಣಿಕೆಯಲ್ಲಿ ಮಾತ್ರ ಎಚ್ಚರವಿರಲಿ. ಆರನೆಯ ತಿಂಗಳು ಶುರುವಾಗುವುದು ಐದು ತುಂಬಿದಾಗ. ವೈದ್ಯರು ಹೇಳುವುದು ಆರು ತುಂಬಿದ ಮೇಲೆ, ಅಂದರೆ 180 ದಿನ ಕಳೆದ ಮೇಲೆ. ಇನ್ನು ಗಂಡಿಗೆ ಸಮ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಎಂಬ ರೂಢಿಯೂ ಉಂಟು. ಹೆಣ್ಣುಮಗುವಿಗೆ ಐದನೆಯದಕ್ಕೆ ಅವಸರಪಡದೆ ಏಳನೆಯದಕ್ಕೆ ಮುಹೂರ್ತ ಇಡಿಸಿ. ಶಾಸ್ತ್ರವೂ ಉಳಿಯಿತು, ವೈದ್ಯರ ಮಾತೂ ಉಳಿಯಿತು.

● ಮಕ್ಕಳ ವೈದ್ಯಕ್ಕೇ ಮೀಸಲಾದ ಹಳೆಯ ಆಯುರ್ವೇದ ಗ್ರಂಥ ಕಾಶ್ಯಪ ಸಂಹಿತೆ ಆರನೆಯ ತಿಂಗಳಿಗೆ ಹಣ್ಣು, ಹತ್ತನೆಯದಕ್ಕೆ ಅನ್ನ ಎನ್ನುತ್ತದೆ. ಒಂದೇ ದಿನ ಎಲ್ಲ ಬೇಡ, ಹಂತ ಹಂತವಾಗಿ ಎಂಬ ತಿಳಿವಳಿಕೆ ಆಗಲೇ ಇತ್ತು. ಅನ್ನಕ್ಕೆ ಹತ್ತು ತಿಂಗಳವರೆಗೆ ಕಾಯುವುದು ಮಾತ್ರ ಈಗಿನ ಲೆಕ್ಕಕ್ಕೆ ತೀರ ತಡ.

● ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಮೊದಲ ತುತ್ತು ಉಣಿಸಬೇಕೆಂದು ಹರಕೆ ಹೊತ್ತು ಘಟ್ಟ ಹತ್ತುವವರು ಬಹಳ. ಉಣಿಸಿ, ಫೋಟೊ ತೆಗೆದು, ಊಟ ಮುಗಿಸಿ ಬರುತ್ತಾರೆ. ಮರುದಿನ? ಎಷ್ಟೋ ಮನೆಗಳಲ್ಲಿ ಮತ್ತೆ ಬರೀ ಹಾಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರರಿಂದ ಎಂಟು ತಿಂಗಳ ಮಕ್ಕಳ ಪೈಕಿ ಎದೆಹಾಲಿನ ಜೊತೆಗೆ ಗಟ್ಟಿ ಅಥವಾ ಮೆತ್ತನೆಯ ಆಹಾರ ಪಡೆಯುತ್ತಿದ್ದವರು ಶೇ 45.9 ಮಾತ್ರ. ಅರ್ಧಕ್ಕೂ ಕಡಿಮೆ! ಬೇಗ ತಿನ್ನಿಸುವವರ ಬಗ್ಗೆ ನಾವು ಗದ್ದಲ ಮಾಡುತ್ತೇವೆ, ತಡಮಾಡುವವರ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಕರ್ನಾಟಕದ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ಶೇ 65.5.

● ಅವಸರದ ಕಥೆ ಬೇಕೆಂದರೆ ಅಮೆರಿಕಕ್ಕೆ ಹೋಗಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ವೈದ್ಯರು ವರ್ಷ ತುಂಬುವವರೆಗೆ ಹಾಲೇ ಸಾಕು ಎನ್ನುತ್ತಿದ್ದರು. 1920ರ ದಶಕದ ಕೊನೆಗೆ ಮಿಷಿಗನ್ ರಾಜ್ಯದ ಗರ್ಬರ್ ಕುಟುಂಬ ಸೋಸಿದ ತರಕಾರಿಯನ್ನು ಡಬ್ಬಿಗಳಲ್ಲಿ ತುಂಬಿ ಮಾರತೊಡಗಿತು. ಆಮೇಲೆ ಊಟದ ವಯಸ್ಸು ಇಳಿಯುತ್ತಲೇ ಹೋಯಿತು. 1950, 60ರ ದಶಕದಲ್ಲಿ ಫ್ಲಾರಿಡಾದ ವಾಲ್ಟರ್ ಸ್ಯಾಕೆಟ್ ಎಂಬ ವೈದ್ಯರು ಹುಟ್ಟಿದ ಎರಡು ಮೂರು ದಿನಕ್ಕೇ ಧಾನ್ಯದ ಗಂಜಿ ಕೊಡಿ ಎಂದರು, ಆರು ತಿಂಗಳಿಗೆ ಕಾಫಿಯನ್ನೂ ಕೊಡಬಹುದೆಂದರು! ಆರು ತಿಂಗಳಿಗೆ ಫಿಲ್ಟರ್ ಕಾಫಿ ಎಂದರೆ ನಮ್ಮ ಬಸವನಗುಡಿಯೂ ಒಪ್ಪಲಿಕ್ಕಿಲ್ಲ.

● ನಮ್ಮಲ್ಲಿ ಮಕ್ಕಳ ಆಹಾರದ ಡಬ್ಬಿಗಳ ಮೇಲೆ ಗುಂಡುಮಗುವಿನ ಚಿತ್ರ ಯಾಕಿಲ್ಲ ಎಂದು ಯೋಚಿಸಿದ್ದೀರಾ? ಕಾನೂನು ಬಿಡುವುದಿಲ್ಲ. 1992ರ ಶಿಶು ಹಾಲು ಬದಲಿ ಕಾಯ್ದೆ, ಅದರ 2003ರ ತಿದ್ದುಪಡಿಗಳ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಆಹಾರ, ಹಾಲಿನ ಪುಡಿ, ಹಾಲಿನ ಬಾಟಲಿಗಳಿಗೆ ಜಾಹೀರಾತೇ ನಿಷಿದ್ಧ.

● ಈಗ ಬಟ್ಟಲಿಗೆ ಬರೋಣ. ಮಗುವಿನ ಹೊಟ್ಟೆಗೆ ಹಿಡಿಯುವುದು ಒಂದು ಕಿಲೊ ತೂಕಕ್ಕೆ ಸುಮಾರು 30 ಮಿಲಿಲೀಟರ್. ಏಳು ಕಿಲೊ ಕೂಸಿಗೆ ಲೆಕ್ಕಹಾಕಿದರೆ ಒಂದು ಲೋಟ. ಅಷ್ಟು ಜಾಗದಲ್ಲಿ ತೆಳ್ಳನೆಯ ಗಂಜಿ ತುಂಬಿಸಿದರೆ ಹೊಟ್ಟೆ ತುಂಬಿತು, ಮಗು ಬೆಳೆಯಲಿಲ್ಲ. ಬೇಳೆ ಕಟ್ಟು, ಅನ್ನದ ತಿಳಿ, ಸೇಬಿನ ರಸ ಇವೆಲ್ಲ ಈ ಗುಂಪಿನವೇ. ನನ್ನ ಕೇಳಿದರೆ ಕರ್ನಾಟಕದ ಅಡುಗೆಮನೆಯ ದೊಡ್ಡ ತಪ್ಪು ಆರಂಭದ ವಯಸ್ಸಿನಲ್ಲಿಲ್ಲ, ಈ ತೆಳುವಿನಲ್ಲಿದೆ. ಬೇಳೆಯನ್ನು ದೊಡ್ಡವರು ಉಂಡು ಕಟ್ಟನ್ನು ಕೂಸಿಗೆ ಕೊಡುತ್ತೇವೆ! ತಿರುಗಿಸಿ. ಬೇಳೆ ಮಗುವಿಗೆ, ಕಟ್ಟು ನಿಮ್ಮ ಸಾರಿಗೆ.

● ಎಷ್ಟು ಗಟ್ಟಿ? ಚಮಚವನ್ನು ಓರೆ ಮಾಡಿ. ಸರ್ರನೆ ಸುರಿದುಹೋದರೆ ತೆಳು, ಚಮಚಕ್ಕೆ ಅಂಟಿ ನಿಧಾನ ಜಾರಿದರೆ ಹದ. ವಿಶ್ವ ಆರೋಗ್ಯ ಸಂಸ್ಥೆ ಕಲಿಸುವುದೂ ಇದೇ ಪರೀಕ್ಷೆಯನ್ನು.

● ಎಷ್ಟು ಸಲ? ಮೊದಲಿಗೆ ದಿನಕ್ಕೆ ಎರಡು ಮೂರು ಹೊತ್ತು, ಹೊತ್ತಿಗೆ ಎರಡು ಮೂರು ದೊಡ್ಡ ಚಮಚ. ಒಂಬತ್ತು ತಿಂಗಳಿಂದ ಮೂರು ನಾಲ್ಕು ಹೊತ್ತು. ಆರರಿಂದ ಎಂಟು ತಿಂಗಳವರೆಗೆ ಊಟದಿಂದ ಬರಬೇಕಾದ ಶಕ್ತಿ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ ಮಾತ್ರ. ವರ್ಷ ತುಂಬುವವರೆಗೆ ಅರ್ಧದಷ್ಟು ಶಕ್ತಿ ಎದೆಹಾಲಿನಿಂದಲೇ ಸಿಗಬಲ್ಲದು. ಊಟ ಶುರುವಾಯಿತೆಂದು ಹಾಲು ಬಿಡಿಸುವುದಲ್ಲ, ಎರಡು ವರ್ಷ ಮತ್ತು ಆಚೆಗೂ ಕುಡಿಸಬಹುದು.

● ಗಟ್ಟಿಯಾಗಿ ಕಲಸಿದರೆ ನುಂಗುವುದಿಲ್ಲ, ತೆಳ್ಳಗೆ ಕಲಸಿದರೆ ಪೋಷಣೆಯಿಲ್ಲ. ಈ ಇಕ್ಕಟ್ಟಿಗೆ ಉತ್ತರ ನಮ್ಮ ಅಜ್ಜಿಯರ ಮೊಳಕೆ ಬಟ್ಟೆಯಲ್ಲಿತ್ತು. ಕಾಳು ಮೊಳೆತಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಕಾಯಿಸುವಾಗ ಅದು ಪಿಷ್ಟವನ್ನು ಕತ್ತರಿಸುತ್ತಾ ಹೋಗುವುದರಿಂದ ಸರಿ ಅಂಟಾಗುವುದಿಲ್ಲ. ಹಾಗಾಗಿ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಿದರೂ ಕೂಸು ಸಲೀಸಾಗಿ ನುಂಗುತ್ತದೆ. ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1982ರಲ್ಲಿ ಮೊಳಕೆ ಬರಿಸಿದ ರಾಗಿ, ಹೆಸರುಕಾಳುಗಳಿಂದ ಇಂಥದೇ ಶಿಶು ಆಹಾರ ರೂಪಿಸಿ ಪ್ರಬಂಧ ಪ್ರಕಟಿಸಿದರು. ಬರೋಡಾದಲ್ಲಿ ತಾರಾ ಗೋಪಾಲದಾಸ್ ಅವರ ತಂಡ ಮೊಳಕೆ ಹಿಟ್ಟನ್ನು ಒಂದು ಚಿಟಿಕೆಯಷ್ಟು ಬೆರೆಸಿದರೂ ಮುದ್ದೆಗಟ್ಟಿದ ಗಂಜಿ ಸಡಿಲವಾಗುವುದನ್ನು ತೋರಿಸಿತು. ಒಂದೇ ಎಚ್ಚರಿಕೆ: ಒಣಗಿಸಿದ ಮೊಳಕೆಯನ್ನು ಹದವಾಗಿ ಹುರಿಯಬೇಕು. ಕಪ್ಪಾಗುವಂತೆ ಹುರಿದರೆ ಆ ಕಿಣ್ವ ಸತ್ತುಹೋಗುತ್ತದೆ, ಘಮ ಮಾತ್ರ ಉಳಿಯುತ್ತದೆ.

● ಹಳೇ ಮೈಸೂರಿನಲ್ಲಿ ರಾಗಿ ಸರಿ, ಕರಾವಳಿಯಲ್ಲಿ ರಾಗಿ ಮಣ್ಣಿ. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಕೂಸು ಒಂದು ಹೊತ್ತಿಗೆ ನೂರು ಗ್ರಾಂ ಹಿಟ್ಟು ತಿನ್ನುವುದಿಲ್ಲ ಎಂಬುದೂ ನೆನಪಿರಲಿ, ಸರಿಯೊಂದೇ ಎಲ್ಲಕ್ಕೂ ಸಾಲದು. ಬಟ್ಟೆಯಲ್ಲಿ ಸೋಸಿದರೆ ನಾರಿನ ಜೊತೆ ಖನಿಜಗಳೂ ಒಂದಿಷ್ಟು ಹಿಪ್ಪೆಯಲ್ಲೇ ಉಳಿಯುತ್ತವೆ. ಮೊದಲ ಕೆಲವು ವಾರ ಸೋಸಿ, ಆಮೇಲೆ ಬಟ್ಟೆ ಬಿಡಿ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹಾರುವ ಅಮ್ಮಂದಿರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲೇ ಸರಿಹಿಟ್ಟಿನ ಪೊಟ್ಟಣ ಇರುವುದು ಸುಮ್ಮನೆ ಅಲ್ಲ.

● ಸೊಪ್ಪು, ಬೇಳೆಯ ಕಬ್ಬಿಣ ಮೈಗೆ ಹತ್ತಬೇಕೆಂದರೆ ನಾಲ್ಕು ಹನಿ ನಿಂಬೆರಸ ಹಿಂಡಿ. ವಿಟಮಿನ್ ಸಿ ಆ ಕೆಲಸ ಮಾಡುತ್ತದೆ. ಚಹಾ ತದ್ವಿರುದ್ಧ, ಇದ್ದ ಕಬ್ಬಿಣವನ್ನೂ ಹಿಡಿದಿಡುತ್ತದೆ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಕೂಸಿನ ಬಾಯಿಗಿಡುವ ತಾತಂದಿರಿಗೆ ಇದನ್ನು ಓದಿ ಹೇಳಿ.

● ಶುದ್ಧ ಸಸ್ಯಾಹಾರಿ ತಾಯಿಗೆ ವಿಟಮಿನ್ ಬಿ12 ಕೊರತೆಯಿದ್ದರೆ ಅವಳ ಹಾಲಿನಲ್ಲೂ ಅದು ಕಡಿಮೆ. ಬೇರೆ ಊಟವಿಲ್ಲದೆ ಬರೀ ಹಾಲಿನಲ್ಲೇ ವರ್ಷ ಕಳೆದ ಅಂಥ ಮಕ್ಕಳು ಮಂಕಾಗಿ, ಕಲಿತದ್ದನ್ನು ಮರೆತು, ಕೈಕಾಲು ನಡುಗುವ ಕಾಯಿಲೆಗೆ ಬೀಳುವುದನ್ನು ಭಾರತದ ಮಕ್ಕಳ ವೈದ್ಯರು ದಶಕಗಳಿಂದ ಕಂಡಿದ್ದಾರೆ. ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ತಡಮಾಡದೆ ಬಟ್ಟಲಿಗೆ ಬರಲಿ. ಮೊಟ್ಟೆಯ ಹಳದಿ ಮೊದಲು, ಬಿಳಿ ವರ್ಷವಾದ ಮೇಲೆ ಎಂಬ ನಿಯಮ ಹಳತಾಯಿತು. ಚೆನ್ನಾಗಿ ಬೆಂದ ಇಡೀ ಮೊಟ್ಟೆಯನ್ನು ಆರು ತಿಂಗಳು ತುಂಬಿದ ಮೇಲೆ ಮಿದ್ದು ಕೊಡಬಹುದು.

● ಅಲರ್ಜಿಯ ಭಯಕ್ಕೆ ಕಡಲೆಕಾಯಿಯನ್ನು ದೂರವಿಟ್ಟರೆ ಅಲರ್ಜಿ ಹೆಚ್ಚುತ್ತದೆ! ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಹೇಳಿತ್ತು. ಆದರೆ ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಒಂದು ವಿಚಿತ್ರ ಗಮನಿಸಿದರು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಹತ್ತು ಪಟ್ಟು ಹೆಚ್ಚು. ಇಸ್ರೇಲಿನಲ್ಲಿ ಕೂಸುಗಳೂ ಬಾಂಬಾ ಎಂಬ ಕಡಲೆಕಾಯಿ ಕುರುಕಲು ಚೀಪುತ್ತವೆ. ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿ ಐದು ವರ್ಷ ತುಂಬುವವರೆಗೆ ನೋಡಿದರು. 2015ರಲ್ಲಿ ಫಲಿತಾಂಶ ಬಂತು: ಎಳವೆಯಿಂದ ತಿಂದವರಲ್ಲಿ ಅಲರ್ಜಿ ಶೇ 81ರಷ್ಟು ಕಡಿಮೆ. ಇಡೀ ಕಾಳು ಮಾತ್ರ ಬೇಡವೇ ಬೇಡ, ನುಣ್ಣಗೆ ಅರೆದು ತೆಳ್ಳಗೆ ಮಾಡಿ. ಮೈಯಲ್ಲಿ ಜೋರಾದ ಇಸುಬು ಇರುವ ಮಗುವಿಗೆ ಮೊದಲು ವೈದ್ಯರನ್ನು ಕೇಳಿ.

● ಜೇನು ವರ್ಷದೊಳಗೆ ನಾಲಿಗೆಗೂ ಮುಟ್ಟಿಸಬಾರದು. ಅದರಲ್ಲಿರಬಹುದಾದ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಕಗಳು ಎಳೆಗರುಳಿನಲ್ಲಿ ಮೊಳೆತು ವಿಷ ಉಗುಳುತ್ತವೆ, ಮಗು ಬಟ್ಟೆಯ ಬೊಂಬೆಯಂತೆ ಜೋತುಬೀಳುತ್ತದೆ. ಈ ಶಿಶುರೋಗವನ್ನು ಗುರುತಿಸಿದ್ದೇ 1976ರಲ್ಲಿ. ಕುದಿಸಿದರೂ ಬೀಜಕ ಸಾಯುವುದಿಲ್ಲ.

● ಉಪ್ಪು, ಸಕ್ಕರೆ, ಬೆಲ್ಲ ವರ್ಷದವರೆಗೆ ಬೇಕಿಲ್ಲ. ಸಪ್ಪೆ ಎನಿಸುವುದು ನಿಮ್ಮ ನಾಲಿಗೆಗೆ.

● ಮಗು ಉಗುಳಿದ ತಕ್ಷಣ "ಇದಕ್ಕೆ ಕುಂಬಳಕಾಯಿ ಆಗಲ್ಲ" ಎಂದು ತೀರ್ಪು ಕೊಡಬೇಡಿ. ಹೊಸ ರುಚಿ ಒಪ್ಪಲು ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಬೇಕು. ಬಹಳ ಮನೆಗಳಲ್ಲಿ ಮೂರನೆಯ ಸಲಕ್ಕೇ ಕೈಬಿಡುತ್ತಾರೆ.

● ರುಚಿಯ ಪಾಠ ಗರ್ಭದಲ್ಲೇ ಶುರು. ಬಸುರಿಯ ಊಟದ ಪರಿಮಳ ನೆತ್ತಿನೀರಿಗೆ, ಆಮೇಲೆ ಹಾಲಿಗೆ ಇಳಿಯುತ್ತದೆ. ಫಿಲಡೆಲ್ಫಿಯಾದ ಜೂಲಿ ಮೆನೆಲ್ಲಾ 2001ರಲ್ಲಿ ತೋರಿಸಿದಂತೆ, ಗರ್ಭಿಣಿಯಾಗಿದ್ದಾಗಲೋ ಹಾಲೂಡಿಸುವಾಗಲೋ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಕ್ಯಾರೆಟ್ ಬೆರೆತ ಗಂಜಿಗೆ ಮುಖ ಕಿವುಚಿದ್ದು ಕಡಿಮೆ. 2022ರಲ್ಲಿ ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದವರು ಸ್ಕ್ಯಾನಿನಲ್ಲಿ ಗರ್ಭದ ಕೂಸಿನ ಮುಖವನ್ನೇ ನೋಡಿದರು. ತಾಯಿ ಕ್ಯಾರೆಟ್ ಮಾತ್ರೆ ನುಂಗಿದಾಗ ನಕ್ಕಂತೆ, ಕಹಿಯಾದ ಕೇಲ್ ಸೊಪ್ಪಿನ ಮಾತ್ರೆಗೆ ಅತ್ತಂತೆ! ನಮ್ಮ ಮೆಂತ್ಯದ ಮುದ್ದೆ, ಬೆಳ್ಳುಳ್ಳಿ ಸಾರು ತಿಂದ ಬಾಣಂತಿಯ ಕೂಸುಗಳನ್ನೂ ಯಾರಾದರೂ ನೋಡಬೇಕಿತ್ತು.

● ಓಕರಿಕೆ ಬೇರೆ, ಉಸಿರುಗಟ್ಟುವುದು ಬೇರೆ. ಎಳೆಮಕ್ಕಳಲ್ಲಿ ಓಕರಿಕೆ ಹುಟ್ಟಿಸುವ ಜಾಗ ನಾಲಿಗೆಯ ಮುಂಭಾಗಕ್ಕೇ ಇರುವುದರಿಂದ ಸಣ್ಣ ಗಂಟಿಗೂ "ವ್ಯಾಕ್" ಎನ್ನುತ್ತವೆ. ಕೆಮ್ಮುತ್ತಿದೆ, ಸದ್ದು ಮಾಡುತ್ತಿದೆ, ಮುಖ ಕೆಂಪಾಗಿದೆ ಎಂದರೆ ಹೆದರಬೇಡಿ, ಬಾಯಿಗೆ ಬೆರಳು ಹಾಕಬೇಡಿ. ಸದ್ದೇ ಇಲ್ಲ, ತುಟಿ ನೀಲಿಯಾಗುತ್ತಿದೆ ಎಂದರೆ ಅದು ಉಸಿರುಗಟ್ಟಿದ್ದು. ಕೂಡಲೇ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರಲಿ, ಬೆನ್ನಿನ ಮೇಲೆ ಐದು ಗುದ್ದು. ಹೊರಬರದಿದ್ದರೆ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ. ಜೊತೆಗಿದ್ದವರು 108ಕ್ಕೆ ಫೋನ್ ಮಾಡಲಿ. ಇಡೀ ದ್ರಾಕ್ಷಿ, ಕಡಲೆಕಾಯಿ, ಹಸಿ ಕ್ಯಾರೆಟ್ ತುಂಡು, ಬೀಜವಿರುವ ಸಪೋಟ, ಸೀತಾಫಲ ಮಕ್ಕಳ ಕೈಗೆ ಸಿಗದಿರಲಿ.

● ಮಿಕ್ಸಿಯಲ್ಲಿ ನುಣ್ಣಗೆ ಅರೆದದ್ದನ್ನೇ ವರ್ಷಗಟ್ಟಲೆ ಕೊಟ್ಟರೆ ಅಗಿಯುವುದನ್ನು ಕಲಿಯುವುದು ಯಾವಾಗ? ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಸಾವಿರಾರು ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳಾದ ಮೇಲೆ ಗಂಟುಗಂಟಾದ ಊಟ ಕಂಡವರು ಏಳನೆಯ ವರ್ಷದಲ್ಲೂ ಊಟಕ್ಕೆ ಹೆಚ್ಚು ತಕರಾರು ಮಾಡುತ್ತಿದ್ದರು. ಎಂಟನೆಯ ತಿಂಗಳಿಗೆ ಮಿಕ್ಸಿ ಒಳಗಿಟ್ಟು ಕೈಯಲ್ಲೇ ಕಿವುಚಿ.

● ಸಾಕು ಎಂದು ಹೇಳುವುದೂ ಮಗುವಿಗೆ ಬರುತ್ತದೆ. ಮುಖ ತಿರುಗಿಸುತ್ತದೆ, ತುಟಿ ಬಿಗಿಯುತ್ತದೆ, ಚಮಚ ತಳ್ಳುತ್ತದೆ. 1926ರಲ್ಲಿ ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ ಆಗಷ್ಟೇ ಹಾಲು ಬಿಟ್ಟ ಮಕ್ಕಳ ಮುಂದೆ ಬಗೆಬಗೆಯ ಆಹಾರ ಇಟ್ಟು, ಒತ್ತಾಯವಿಲ್ಲದೆ ತಾವೇ ಆರಿಸಿಕೊಳ್ಳಲು ಬಿಟ್ಟರು. ಒಟ್ಟು 15 ಮಕ್ಕಳು, ಪಟ್ಟಿಯಲ್ಲಿದ್ದದ್ದು 34 ಪದಾರ್ಥ. ಎಲ್ಲವೂ ಚೆನ್ನಾಗಿ ಬೆಳೆದವು. ಮೂಳೆ ಮೆತ್ತಗಾಗುವ ರಿಕೆಟ್ಸ್ ಇದ್ದ ಕೂಸೊಂದು ವಾಸಿಯಾಗುವವರೆಗೂ ಕಾಡ್ ಮೀನಿನೆಣ್ಣೆಯನ್ನು ತಾನಾಗಿಯೇ ಕುಡಿಯಿತಂತೆ! ಗುಟ್ಟನ್ನು ಆಕೆಯೇ ಒಪ್ಪಿಕೊಂಡರು: ಆ ಪಟ್ಟಿಯಲ್ಲಿ ಸಕ್ಕರೆಯಾಗಲಿ ಸಿಹಿತಿಂಡಿಯಾಗಲಿ ಇರಲೇ ಇಲ್ಲ. ಏನು ಕೊಡಬೇಕೆಂಬುದು ದೊಡ್ಡವರ ಕೆಲಸ, ಎಷ್ಟು ತಿನ್ನಬೇಕೆಂಬುದು ಮಗುವಿನದು. ಚಂದಮಾಮ ತೋರಿಸಿ ಉಣಿಸಿ, ಮೊಬೈಲ್ ತೋರಿಸಿ ಬೇಡ.

● ಡಯಾಪರ್ ಬಿಚ್ಚಿ ಬೆಚ್ಚಿಬೀಳುವ ಮುನ್ನ: ಬಾಳೆಹಣ್ಣು ತಿಂದ ಮಗುವಿನ ಮಲದಲ್ಲಿ ಸಣ್ಣ ಕಪ್ಪು ಎಳೆಗಳು ಕಾಣುತ್ತವೆ, ಹುಳುವಲ್ಲ. ಬೀಟ್‌ರೂಟ್ ತಿಂದರೆ ಕೆಂಪು, ರಕ್ತವಲ್ಲ. ಕ್ಯಾರೆಟ್, ಕುಂಬಳ, ಪರಂಗಿ ಅತಿಯಾದರೆ ಮೂಗು, ಅಂಗೈ ಹಳದಿಯಾಗುತ್ತವೆ. ಕಣ್ಣಿನ ಬಿಳಿಭಾಗ ಬೆಳ್ಳಗೇ ಇದ್ದರೆ ಅದು ಕಾಮಾಲೆಯಲ್ಲ.

● ಅಂಗನವಾಡಿ ಯೋಜನೆ ಹುಟ್ಟಿದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಮನೆಗೆ ಒಯ್ಯುವ ಪುಷ್ಟಿ ಪುಡಿ ಕೊಡುತ್ತಾರೆ. ಅದು ನಿಮ್ಮ ಮಗುವಿನ ಹಕ್ಕು, ಕೇಳಲು ಸಂಕೋಚ ಬೇಡ.

● ಸರ್ಕಾರದ ರಕ್ತಹೀನತೆ ತಡೆ ಕಾರ್ಯಕ್ರಮದಲ್ಲಿ ಆರು ತಿಂಗಳು ತುಂಬಿದ ಪ್ರತಿ ಮಗುವಿಗೂ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಉಂಟು, ಬಿಟ್ಟಿಯಾಗಿ. ಆರು, ಒಂಬತ್ತು, ಹನ್ನೆರಡು ತಿಂಗಳಿಗೆ ಆಶಾ ಕಾರ್ಯಕರ್ತೆ ಮನೆಗೇ ಬಂದು ನೋಡಬೇಕೆಂಬ ನಿಯಮವೂ ಇದೆ. ಅವರು ಬಂದಾಗ ತಾಯಿ ಕಾರ್ಡು ಹುಡುಕಿ ಕೈಗಿಡಿ, ಮಗುವಿನ ತೂಕ ಬರೆಸಿ, ಸಿರಪ್ಪಿನ ಶೀಶೆ ಕೇಳಿ ಪಡೆಯಿರಿ.